ಯಾರ ನಾಯಿ?

ಬೆಂಗಳೂರಿನಲ್ಲಿ ನಾಯಿ ಸಾಕುವವನು ಪಾಲಿಕೆಯಿಂದ ಪರವಾನಿಗೆ ಪಡೆಯಬೇಕು. ಇದು ನನಗೆ ತಿಳಿಯದ ಸಂಗತಿಯೇನಲ್ಲ. ಆದರೆ ತಿಳಿದದ್ದನ್ನೆಲ್ಲ ಆಚರಿಸುತ್ತ ಹೋದರೆ ಅಧ್ಯಾಪಕನಿಗೆ ಪಾಠ ಹೇಳಲು ಹೊತ್ತೆಲ್ಲಿ ಉಳಿಯಬೇಕು? ಕಳೆದ ಮಳೆಗಾಲದಲ್ಲಿ ಮಗಳು ಬಸ್ಸು ತಂಗುದಾಣದ ಬೆಂಚಿನ ಅಡಿಯಿಂದ ಒಂದು ಮರಿಯನ್ನು ಎತ್ತಿಕೊಂಡು ಬಂದಳು. ಮಣ್ಣಿನ ಬಣ್ಣ, ಒಂದು ಕಿವಿ ನಿಂತಿದೆ, ಇನ್ನೊಂದು ಬಿದ್ದಿದೆ. ಅದು ಮೂರು ದಿನ ಇದ್ದು ಹೋಗುವುದೆಂದು ನಾವೆಲ್ಲ ಭಾವಿಸಿದ್ದೆವು. ನಾಯಿ ಹಾಗೆ ಭಾವಿಸಿರಲಿಲ್ಲ. ಚುಚ್ಚುಮದ್ದು ಹಾಕಿಸಿದ್ದಾಯಿತು, ಕೊರಳಪಟ್ಟಿ ತಂದದ್ದಾಯಿತು. ಕೊನೆಗೆ ಅರ್ಜಿಯೂ ಮೇಜಿನ ಮೇಲೆ ಬಂದು ಕುಳಿತಿತು.

ನಾಯಿಯ ಹೆಸರು, ಬಣ್ಣ, ಲಿಂಗ ಎಲ್ಲ ಸಲೀಸಾಗಿ ಬರೆದೆ. ‘ತಳಿ’ ಎಂಬಲ್ಲಿ ‘ನಾಡನಾಯಿ’ ಎಂದು ಬರೆಯುವಾಗ ಕನ್ನಡದ ಅಧ್ಯಾಪಕನಿಗೆ ತುಸು ಹೆಮ್ಮೆಯೂ ಆಯಿತೆನ್ನಿ. ‘ಮಾಲೀಕರ ಹೆಸರು’ ಎಂಬಲ್ಲಿ ಲೇಖನಿ ನಿಂತಿತು. “ಸ್ವಂತ ಹೆಸರು ಮರೆತುಹೋಯಿತೆ?” ಎಂದು ಹೆಂಡತಿ ನಕ್ಕಳು. ಮರೆತದ್ದಲ್ಲ, ನೆನಪು ಬಂದದ್ದು.

ನಮ್ಮೂರು ಸುಂಕಸಾಳ. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಅರಬೈಲ ಘಟ್ಟ ಹತ್ತುವ ಮೊದಲು, ಗಂಗಾವಳಿ ಹೊಳೆಯ ಸೀಮೆಯಲ್ಲಿ ಸಿಗುವ ಊರು. ಹೆಸರಿನಲ್ಲಿಯೇ ಸುಂಕವಿದ್ದರೂ ಅಲ್ಲಿ ನಾಯಿಗೆ ಸುಂಕ ಕೊಟ್ಟವರನ್ನು ನಾನು ಕಂಡಿಲ್ಲ. ಕೊಡಬೇಕೆಂದು ಸರಕಾರ ಬಯಸಿದರೆ ಅಡ್ಡಿಯೇನೂ ಇಲ್ಲ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ, ರಾಜ್ಯಪಟ್ಟಿಯ 58ನೆಯ ಬಾಬು ‘ಪ್ರಾಣಿಗಳು ಮತ್ತು ದೋಣಿಗಳ ಮೇಲಿನ ತೆರಿಗೆ’ ಎಂದೇ ಇದೆ. ನಾಯಿಯನ್ನೂ ದೋಣಿಯನ್ನೂ ಒಂದೇ ಸಾಲಿನಲ್ಲಿ ಕೂರಿಸಿದವರು ಹೊಳೆದಂಡೆಯ ಮನೆಯನ್ನು ಕಂಡವರೇ ಇರಬೇಕು.

ನಮ್ಮ ಮನೆಯಲ್ಲಿ ದೋಣಿ ಇರಲಿಲ್ಲ, ಕಾಳು ಇದ್ದ. ಅವನನ್ನು ಯಾರೂ ತಂದದ್ದಲ್ಲ, ಕಟ್ಟಿದ್ದಲ್ಲ. ಆಯಿ ಮಧ್ಯಾಹ್ನದ ಅನ್ನಕ್ಕೆ ಮಜ್ಜಿಗೆ ಕಲಸಿ ಹಿತ್ತಿಲ ಕಲ್ಲಿನ ಮೇಲೆ ಹಾಕುತ್ತಿದ್ದಳು. ರಾತ್ರಿ ಅವನು ಜಗುಲಿಯ ಕೆಳಗೆ ಬೂದಿಯ ಗುಂಡಿಯಲ್ಲಿ ಮಲಗುತ್ತಿದ್ದ. ತೋಟಕ್ಕೆ ಹಂದಿ ಬಂದರೆ ಮೊದಲು ತಿಳಿಯುತ್ತಿದ್ದುದು ಅವನಿಗೆ. ಹೆಸರಿಟ್ಟವನು ನಾನು.

1990ರ ಡಿಸೆಂಬರು, ಅಡಿಕೆ ಸುಲಿಯುವ ಕಾಲ. ಅಂಗಳದ ಚಪ್ಪರದಲ್ಲಿ ಹೆಂಗಸರು ಮೆಟ್ಟುಗತ್ತಿಯ ಮೇಲೆ ಕುಳಿತು ರಾತ್ರಿ ಹತ್ತರವರೆಗೂ ಸುಲಿಯುತ್ತಿದ್ದರು. ಅವರಲ್ಲೊಬ್ಬಳ ಮಗ ನನ್ನದೇ ತರಗತಿಯವನು. ಒಂದು ಸಂಜೆ ತಾಯಿಯನ್ನು ಹುಡುಕುತ್ತ ಅಂಗಳಕ್ಕೆ ಓಡಿಬಂದ. ಕತ್ತಲಲ್ಲಿ ಕಾಳುವಿನ ಬಾಲ ತುಳಿದನೋ ಏನೋ, ಕಾಳು ಅವನ ಮೀನಖಂಡಕ್ಕೆ ಬಾಯಿ ಹಾಕಿದ. ಯಾರೋ ಸುಣ್ಣ ಹಚ್ಚಿದರು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆಯಬೇಕೆಂಬುದು ಅಂದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ.

ಮರುದಿನ ತಾಯಿ ಮಗನನ್ನು ಅಂಕೋಲೆಗೆ ಕರೆದೊಯ್ದಳು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾರ ನಾಯಿ? ಸಾಕಿದ ನಾಯಿಯಾದರೆ ಕಟ್ಟಿಹಾಕಿ ಹತ್ತು ದಿನ ನೋಡಬೇಕು. ಹತ್ತು ದಿನ ಅದು ಆರೋಗ್ಯವಾಗಿದ್ದರೆ ಕಚ್ಚುವಾಗ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲವೆಂದು ಅರ್ಥ. ಸೂಜಿಯನ್ನು ನಡುವೆಯೇ ನಿಲ್ಲಿಸಬಹುದು. ಬೀದಿನಾಯಿಯಾಗಿ, ಕಣ್ಣಿಗೆ ಬೀಳದೆ ಹೋದರೆ ಹದಿನಾಲ್ಕೂ ಹಾಕಿಸಲೇಬೇಕು. ಇಂದಿನವರಿಗೆ ಆ ಹದಿನಾಲ್ಕು ಗೊತ್ತಿಲ್ಲ. ಕುರಿಯ ಮೆದುಳಿನಿಂದ ತಯಾರಿಸಿದ ಔಷಧ. ದಿನಕ್ಕೊಂದರಂತೆ ಹೊಕ್ಕುಳ ಸುತ್ತ ಚುಚ್ಚುತ್ತಿದ್ದರು. 2005ರ ಹೊತ್ತಿಗೆ ಅದು ನಮ್ಮ ದೇಶದಲ್ಲಿ ಬಳಕೆಯಿಂದ ಹೋಯಿತು. ಈಗ ತೋಳಿಗೆ ನಾಲ್ಕೈದು ಸೂಜಿಗಳಲ್ಲಿ ಕೆಲಸ ಮುಗಿಯುತ್ತದೆ.

ಅವಳು ಸಂಜೆ ಬಂದು ಜಗುಲಿಯ ಕೆಳಗೆ ನಿಂತು ಕೇಳಿದಳು: “ಭಟ್ರೇ, ಡಾಕ್ಟ್ರು ಕೇಳ್ತಿದ್ರು, ನಾಯಿ ನಿಮ್ದೇ ಹೌದಲ್ಲ?”

ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ. “ನಮ್ದಲ್ಲ ಮಾರಾಯ್ತಿ. ಊರ ನಾಯಿ. ಅನ್ನ ಕಂಡಲ್ಲಿ ಬರ್ತದೆ.”

ಅವಳು ನನ್ನನ್ನು ನೋಡಿದಳು. ನಾನು ಕಾಲಿನ ಹೆಬ್ಬೆರಳನ್ನು ನೋಡಿಕೊಂಡೆ.

ಅಪ್ಪಯ್ಯ ಕೆಟ್ಟವನಲ್ಲ. ತನ್ನ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದಾದ ಕಲಮು 1860ರ ದಂಡಸಂಹಿತೆಯಲ್ಲಿಯೇ ಇತ್ತು. 2024ರಿಂದ ಅದು ನ್ಯಾಯಸಂಹಿತೆಯ 291ನೆಯದಾಗಿದೆ. ಅದು ಅವನಿಗೆ ಗೊತ್ತಿದ್ದಿರಲಾರದು. ಅವನು ಹೆದರಿದ್ದು ಖರ್ಚಿಗೆ. ಅದಕ್ಕಿಂತ ಹೆಚ್ಚಾಗಿ ಊರ ಮಾತಿಗೆ. ಆದರೆ ಒಂದು ಸುಳ್ಳು ಒಂಟಿಯಾಗಿ ಬಾಳಲಾರದು. ನಮ್ಮದಲ್ಲದ ನಾಯಿ ನಮ್ಮ ಜಗುಲಿಯ ಕೆಳಗೆ ಮಲಗಿದ್ದರೆ ಹೇಗೆ? ಆ ರಾತ್ರಿಯೇ ಅಪ್ಪಯ್ಯ ಕಾಳುವನ್ನು ಗೋಣಿಯಲ್ಲಿ ಕಟ್ಟಿ, ಹುಬ್ಬಳ್ಳಿಯ ಕಡೆ ಹೋಗುವ ಲಾರಿಯೊಂದಕ್ಕೆ ಹಾಕಿ, ಘಟ್ಟ ದಾಟಿದ ಮೇಲೆ ಬಿಟ್ಟುಬಿಡುವಂತೆ ಚಾಲಕನ ಕೈಗೆ ಐದು ರೂಪಾಯಿ ಕೊಟ್ಟ. ಗೋಣಿಯ ಬಾಯಿ ಹಿಡಿದವನು ನಾನು.

ನಾಯಿ ಕಾಣೆಯಾಯಿತು. ಡಾಕ್ಟರು ಹದಿನಾಲ್ಕೂ ಬೇಕೆಂದರು. ಹದಿನಾಲ್ಕು ದಿನ ತಾಯಿ ಮಗ ಬೆಳಗಿನ ಬಸ್ಸಿಗೆ ಅಂಕೋಲೆಗೆ ಹೋಗಿ ಮಧ್ಯಾಹ್ನ ತಿರುಗಿ ಬರುತ್ತಿದ್ದರು. ಹೊಟ್ಟೆ ಊದಿ ಹುಡುಗನಿಗೆ ಚಡ್ಡಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಅವಳ ಕೂಲಿ ಸುಲಿದ ಅಡಿಕೆಯ ಲೆಕ್ಕಕ್ಕೆ; ಆ ದಿನಗಳಲ್ಲಿ ನಮ್ಮ ಅಂಗಳದಲ್ಲಿ ಅವಳ ಲೆಕ್ಕ ಅರ್ಧಕ್ಕೂ ಬರಲಿಲ್ಲ. ಅಪ್ಪಯ್ಯ ಆ ಅರ್ಧವನ್ನು ಪೈಸೆಗೆ ಪೈಸೆ ಎಣಿಸಿ ಕೊಟ್ಟ.

ಇಪ್ಪತ್ತನೆಯ ದಿನವಿರಬೇಕು. ಬೆಳಗಿನ ಬಿಸಿಲಿಗೆ ಅಡಿಕೆ ಹರವುತ್ತಿದ್ದೆವು. ಹೆದ್ದಾರಿಯ ಕಡೆಯಿಂದ ಕಾಳು ಬಂದ. ಪಕ್ಕೆಲುಬು ಎಣಿಸುವ ಹಾಗಿದ್ದ, ಹಿಂಗಾಲು ಎಳೆಯುತ್ತಿದ್ದ. ಯಾರನ್ನೂ ನೋಡದೆ, ಚಪ್ಪರದ ಹೆಂಗಸರ ನಡುವಿನಿಂದ ನೆಟ್ಟಗೆ ನಡೆದು ಹೋಗಿ, ಜಗುಲಿಯ ಕೆಳಗಿನ ಬೂದಿಯಲ್ಲಿ ಮೂರು ಸುತ್ತು ಸುತ್ತಿ ಮಲಗಿದ. ಮೆಟ್ಟುಗತ್ತಿಗಳ ಸದ್ದು ನಿಂತಿತು. ಹುಡುಗನ ತಾಯಿ ಮೆಲ್ಲಗೆ ಹೇಳಿದಳು:

“ಬಂತಲ್ಲ ಭಟ್ರೇ, ಊರ ನಾಯಿ.”

ಆಯಿ ಅಂದು ಸಂಜೆ ಒಂದು ತಂಬಿಗೆ ಹಾಲನ್ನು ನನ್ನ ಕೈಯಲ್ಲಿ ಅವರ ಮನೆಗೆ ಕಳಿಸಿದಳು. ಅವರು ತೆಗೆದುಕೊಳ್ಳಲಿಲ್ಲ. ದಾರಿಯಲ್ಲಿ ಅದನ್ನು ನಾನೇ ಕುಡಿದು ಖಾಲಿ ತಂಬಿಗೆ ತಂದೆ.

2001ರಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮಗಳು ನಾಯಿಗಳನ್ನೆಲ್ಲ ಎರಡು ಪಂಗಡ ಮಾಡಿದವು: ಸಾಕಿದವು, ಬೀದಿಯವು. ಸಾಕಿದವುಗಳ ಚುಚ್ಚುಮದ್ದು, ಸಂತಾನಹರಣ, ಪರವಾನಿಗೆ ಎಲ್ಲ ಸಾಕಿದವನ ಹೊಣೆ. ಬೀದಿಯವುಗಳದು ಸ್ಥಳೀಯ ಸಂಸ್ಥೆಯ ಹೊಣೆ. 2023ರ ಹೊಸ ನಿಯಮಗಳಲ್ಲಿಯೂ ಈ ಹಂಚಿಕೆ ಹೆಚ್ಚುಕಡಿಮೆ ಹೀಗೆಯೇ ಇದೆ. ಓದುವಾಗಲೆಲ್ಲ ನನಗೆ ತೋರುವುದು, ಕಾಳುವಿನಂಥವರು ಈ ಎರಡು ಸಾಲುಗಳ ನಡುವಿನ ಗೆರೆಯ ಮೇಲೆ ನಿಂತಿದ್ದಾರೆ. ಹಂದಿ ಓಡಿಸುವಾಗ ನಮ್ಮವನು, ಕಚ್ಚಿದಾಗ ಊರವನು. ಬೆಂಗಳೂರಿನಲ್ಲಿ 2018ರಲ್ಲಿ ಆಗಿನ ಮಹಾನಗರಪಾಲಿಕೆ ಫ್ಲ್ಯಾಟಿಗೆ ಒಂದು ನಾಯಿ, ಸ್ವತಂತ್ರ ಮನೆಗೆ ಮೂರು ಎಂದು ಉಪವಿಧಿ ಹೊರಡಿಸಿದಾಗ ಎಷ್ಟೊಂದು ಗದ್ದಲವಾಯಿತು! ಸರಕಾರವೇ ಅದನ್ನು ತಡೆಹಿಡಿಯಬೇಕಾಯಿತು. ಎಣಿಕೆಯ ಬಗ್ಗೆ ಜಗಳವಾಡಿದ ಸಜ್ಜನರ ಮೇಲೆ ನನಗೆ ಕೋಪವಿಲ್ಲ. ಆದರೆ ಒಂದೋ ಮೂರೋ ಎಂಬುದಕ್ಕಿಂತ, ‘ನನ್ನದು’ ಎಂದು ರುಜು ಹಾಕುವುದೇ ಕಠಿಣವಾದ ಭಾಗವೆಂದು ನನ್ನ ಅನುಭವ.

ನಾಯಿಗಳಿಗಾದರೋ ಈ ತೊಡಕಿಲ್ಲ. 2024ರ ಜುಲೈ 16ರಂದು ನಮ್ಮದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಬದಿಯಲ್ಲಿ ಚಹಾದಂಗಡಿ ಇಟ್ಟಿದ್ದ ಸಂಸಾರವೇ ಮಣ್ಣುಪಾಲಾಯಿತು. ಅವರ ಅನ್ನ ತಿಂದ ನಾಯಿಗಳು ದಿನಗಟ್ಟಲೆ ಆ ಮಣ್ಣಿನ ರಾಶಿಯ ಸುತ್ತ ಅಲೆಯುತ್ತಿದ್ದುದನ್ನು ಪತ್ರಿಕೆಯಲ್ಲಿ ನೀವೂ ಓದಿರಬೇಕು. ಅವುಗಳಲ್ಲೊಂದನ್ನು ಜಿಲ್ಲೆಯ ಪೋಲೀಸ್ ವರಿಷ್ಠರು ತಮ್ಮ ಮನೆಗೆ ಕರೆದೊಯ್ದರೆಂದೂ ಓದಿದೆ. ಆ ಸುದ್ದಿ ಓದಿದ ದಿನ ನಾನು ತರಗತಿಯಲ್ಲಿ ಸರಿಯಾಗಿ ಪಾಠ ಮಾಡಲಿಲ್ಲ.

ಅರ್ಜಿ ಮೇಜಿನ ಮೇಲಿದ್ದ ಹೊತ್ತಿನಲ್ಲಿ ಅಪ್ಪಯ್ಯ ನಮ್ಮಲ್ಲಿಗೇ ಬಂದಿದ್ದ. ಈಗ ಎಂಬತ್ತರ ಹತ್ತಿರ, ಕಣ್ಣು ಮಂಜು. ಕಾಗದ ಎತ್ತಿ ಬೆಳಕಿಗೆ ಹಿಡಿದು, “ಎಂತದೋ ಇದು?” ಎಂದ. ಹೇಳಿದೆ. ನಗುತ್ತಾನೆಂದುಕೊಂಡಿದ್ದೆ; ನಗಲಿಲ್ಲ.

“ಯಾರ ಹೆಸ್ರು ಬರದ್ಯೋ?”

“ನಂದೇ.”

ಕಾಗದವನ್ನು ಮೇಜಿನ ಮೇಲಿಟ್ಟು, ಅದರ ಮಡಿಕೆಯನ್ನು ಅಂಗೈಯಿಂದ ಎರಡು ಸಲ ಸವರಿದ. ಮರಿ ಬಂದು ಅವನ ಪಾದ ಮೂಸಿತು. ಮೂವತ್ತೈದು ವರ್ಷ ಆ ಸಂಗತಿ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ.

“ಆ ಹುಡುಗ ಈಗ ಎಲ್ಲಿದ್ನೋ?” ಎಂದು ಕೇಳಿದ.

ಅಂಕೋಲೆಯಲ್ಲಿ ರಿಕ್ಷಾ ಓಡಿಸುತ್ತಾನೆ ಎಂದೆ. ಅಪ್ಪಯ್ಯ ಹೂಂಗುಟ್ಟಿ, ಊರಿಗೆ ಹೋಗುವ ಬಸ್ಸು ಅಂಕೋಲೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ವಿಚಾರಿಸಿದ.