ರಾಯರು ಗಣಕಯಂತ್ರ ಕೊಂಡದ್ದು

ಬೆಂಗಳೂರಿನ ಬಸವನಗುಡಿಯ ರಾಯರ ಮನೆಯ ಹಳೆಯ ಗಣಕಯಂತ್ರವು 2025ರ ಕಾರ್ತಿಕ ಮಾಸದ ಒಂದು ಮಳೆಯ ಸಂಜೆ, ಹೋದ ವಿದ್ಯುತ್ತು ಮರಳಿ ಬಂದ ಕ್ಷಣದಲ್ಲಿ, ‘ಟಪ್’ ಎಂಬ ಒಂದೇ ಶಬ್ದದೊಡನೆ ತನ್ನ ಇಹಲೋಕದ ವ್ಯಾಪಾರವನ್ನು ಮುಗಿಸಿತು. ಸುಟ್ಟ ವಾಸನೆಯು ಅಡಿಗೆಯ ಮನೆಯವರೆಗೆ ಹಬ್ಬಿದಾಗ ರಾಯರ ಮಡದಿ ಮೊದಲು ನೋಡಿದ್ದು ಒಲೆಯ ಮೇಲಿದ್ದ ಹಾಲನ್ನು. ಅದು ಸರಿಯಾಗಿಯೇ ಇದ್ದುದನ್ನು ಕಂಡು ನಡುಮನೆಗೆ ಬಂದವರು, ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದ ಪತಿಯ ಮುಖವನ್ನು ನೋಡಿಯೇ ನಡೆದುದನ್ನು ತಿಳಿದುಕೊಂಡರು.

ಹದಿಮೂರು ವರ್ಷ ದುಡಿದ ಯಂತ್ರವೊಂದು ಕೆಟ್ಟಿತೆಂದು ಯಾರೂ ಅಷ್ಟಾಗಿ ವ್ಯಸನಪಡಬೇಕಾದುದಿಲ್ಲ. ಆದರೆ ಅದರ ಹೊಟ್ಟೆಯಲ್ಲಿ ಆಕೆಯ ಎಂಟು ತಿಂಗಳ ಶ್ರಮವಿತ್ತು. ಆಕೆಯ ತಂದೆ ಹಳ್ಳಿಯ ಶಾಲೆಯ ಉಪಾಧ್ಯಾಯರಾಗಿದ್ದವರು. ಮಳೆ, ಬೆಳೆ, ಶಾಲೆಗೆ ಬಂದ ಮಕ್ಕಳು, ಬಾರದ ಮಕ್ಕಳು, ಊರಿನ ಮದುವೆ, ಮರಣ ಎಲ್ಲವನ್ನೂ ಹನ್ನೊಂದು ನೋಟುಬುಕ್ಕುಗಳಲ್ಲಿ ಶಾಯಿಯಿಂದ ಬರೆದಿಟ್ಟು ಹೋದವರು. ಆ ಶಾಯಿ ವರ್ಷದಿಂದ ವರ್ಷಕ್ಕೆ ಕಂದುತ್ತಿತ್ತು; ಓದುವವರ ಕಣ್ಣೂ ಅದರೊಡನೆ ಪಂತ ಹೂಡಿದಂತೆ ಮಂಜಾಗುತ್ತಿತ್ತು. ಎಡಗಣ್ಣಿನ ಪೊರೆಯನ್ನು ತೆಗೆಸಿಯಾಗಿತ್ತು, ಬಲಗಣ್ಣಿನದು ಬಾಕಿ. ಅಂಥ ದೃಷ್ಟಿಯಲ್ಲಿಯೇ ಆಕೆ ದಿನಕ್ಕೆ ಎರಡು ಪುಟದಂತೆ ಬೆರಳಚ್ಚು ಮಾಡಿ ನಾಲ್ಕು ಪುಸ್ತಕಗಳನ್ನು ಮುಗಿಸಿದ್ದರು. ಮೊದಲೆರಡರ ಪ್ರತಿ ಮೈಸೂರಿನ ಮಗಳ ಬಳಿ ಇತ್ತು. ಮೂರನೆಯದೂ ನಾಲ್ಕನೆಯದೂ ಬೇರೆಲ್ಲಿಯೂ ಇರಲಿಲ್ಲ.

ರಿಪೇರಿಯ ಅಂಗಡಿಯಲ್ಲಿ ಪೆಟ್ಟಿಗೆಯನ್ನು ಬಿಚ್ಚಿದಾಗ ಕಾರಣ ತಿಳಿಯಿತು. ಮನೆಯ 230 ವೋಲ್ಟಿನ ವಿದ್ಯುತ್ತನ್ನು ಯಂತ್ರಕ್ಕೆ ತಕ್ಕಂತೆ 12, 5, 3.3 ವೋಲ್ಟುಗಳಿಗೆ ಇಳಿಸಿಕೊಡುವ ಎಸ್‌ಎಂಪಿಎಸ್ ಎಂಬ ಲೋಹದ ಡಬ್ಬಿಯು ತಾನು ಸಾಯುವಾಗ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದೊಯ್ದಿತ್ತು. ಕೆಟ್ಟ ಡಿಸ್ಕಿನಿಂದ ಬರಹವನ್ನು ಹೊರತೆಗೆಯುವವರೂ ಇದ್ದಾರೆಂದೂ, ಅವರು ಕೇಳುವ ಹಣದಲ್ಲಿ ಹೊಸ ಯಂತ್ರವೇ ಬರಬಹುದೆಂದೂ, ಕೊಟ್ಟರೂ ಬರಹ ಸಿಕ್ಕೀತೆಂಬ ಭರವಸೆಯಿಲ್ಲವೆಂದೂ ಅಂಗಡಿಯ ಹುಡುಗ ಹೇಳಿದ. ರಾಯರು ಆ ಡಬ್ಬಿಯನ್ನು ಕೈಗೆತ್ತಿಕೊಂಡು ನೋಡಿದರು. ಬಹಳ ಹಗುರವಾಗಿತ್ತು. 2012ರಲ್ಲಿ ಯಂತ್ರವನ್ನು ಕೊಳ್ಳುವಾಗ, ‘ಕ್ಯಾಬಿನೆಟ್ಟಿನ ಜೊತೆಗೇ ಬರುತ್ತದೆಯಲ್ಲ, ಬೇರೆ ಏಕೆ?’ ಎಂದು ಅದನ್ನೇ ಒಪ್ಪಿ ಸುಮಾರು ಸಾವಿರ ರೂಪಾಯಿ ಉಳಿಸಿದವರು ಅವರೇ. ಮೂವತ್ತಮೂರು ವರ್ಷ ಇತರರ ಲೆಕ್ಕಗಳನ್ನು ತಿದ್ದಿ ನಿವೃತ್ತರಾದ ಮನುಷ್ಯ. ತಮ್ಮ ಲೆಕ್ಕ ಎಲ್ಲಿ ತಪ್ಪಿತೆಂಬುದನ್ನು ಅವರಿಗೆ ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ಮನೆಗೆ ಬಂದು ಅದನ್ನು ಹೇಳಿದಾಗ ಮಡದಿ, “ಹೋಗಲಿ ಬಿಡಿ, ಪುಸ್ತಕಗಳಂತೂ ಇವೆಯಲ್ಲ” ಎಂದಷ್ಟೇ ನುಡಿದು ಒಳಗೆ ಹೋದರು. ಬೈದಿದ್ದರೆ ರಾಯರಿಗೆ ಎಷ್ಟೋ ಸುಲಭವಾಗುತ್ತಿತ್ತು.

ಅವಧಿ ತೀರಿದ ಠೇವಣಿಯೊಂದರಿಂದ ಹೊಸ ಯಂತ್ರಕ್ಕೆಂದು ಒದಗಿದ ಹಣ 45,000 ರೂಪಾಯಿ. ಬಲಗಣ್ಣಿನ ಚಿಕಿತ್ಸೆಗೆಂದು ಎತ್ತಿಟ್ಟಿದ್ದುದನ್ನು ಮುಟ್ಟಕೂಡದೆಂದು ರಾಯರು ಮೊದಲೇ ನಿಶ್ಚಯಿಸಿದ್ದರು. ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗ ಉತ್ಸಾಹದಿಂದ ಪಟ್ಟಿಯೊಂದನ್ನು ಸಿದ್ಧಪಡಿಸಿ ತಂದ. ವೇಗದ ಪ್ರಾಸೆಸರು, ಅದಕ್ಕೊಂದು ಗ್ರಾಫಿಕ್ಸ್ ಕಾರ್ಡು, ಗಾಜಿನ ಬಾಗಿಲಿನ ಕ್ಯಾಬಿನೆಟ್ಟು, ಬಣ್ಣದ ದೀಪಗಳುಳ್ಳ ಮೂರು ಫ್ಯಾನುಗಳು. ಮಾನಿಟರಿಗೆ ಉಳಿದ ಹಣದಲ್ಲಿ ಬರುವುದು ಸಣ್ಣದೊಂದು. ಎಸ್‌ಎಂಪಿಎಸ್ ಎಂಬುದರ ಎದುರಿಗೆ ಹೆಸರೇ ಇರಲಿಲ್ಲ.

“ಈ ದೀಪಗಳು ಏಕೋ, ಮಗು?”

“ನೋಡೋಕೆ ಚೆನ್ನಾಗಿರತ್ತೆ, ತಾತ.”

“ಮೇಜಿನ ಕೆಳಗಿನ ಪೆಟ್ಟಿಗೆಯನ್ನು ನೋಡುವವರು ಯಾರಪ್ಪ?”

ಮದುವೆಯ ಖರ್ಚಿನಲ್ಲಿ ಚಪ್ಪರಕ್ಕೂ ವಾಲಗಕ್ಕೂ ಸುರಿದು, ಅಡಿಗೆಯವರನ್ನು ಕಡೆಯಲ್ಲಿ ನೆನೆಸಿಕೊಂಡಂತಿತ್ತು ಆ ಪಟ್ಟಿ. ಹುಡುಗನ ತಪ್ಪೂ ಅಲ್ಲ. ಇಂಥ ಪಟ್ಟಿಗಳೆಲ್ಲ ಆಟವಾಡುವವರಿಗಾಗಿ ಹುಟ್ಟಿದವು, ಅವುಗಳಲ್ಲಿ ಎಲ್ಲಕ್ಕಿಂತ ಮೊದಲು ಕೂರುವುದು ಪ್ರಾಸೆಸರು. ಬರೆಯುವುದು, ಓದುವುದು, ಬ್ಯಾಂಕಿನ ವ್ಯವಹಾರ, ಮೈಸೂರಿನ ಮಗಳೊಡನೆ ಮುಖ ನೋಡಿ ಮಾತನಾಡುವುದು, ಇಷ್ಟೇ ಕೆಲಸವಿರುವ ಮನೆಯಲ್ಲಿ ಪ್ರಾಸೆಸರು ದಿನದ ಬಹುಪಾಲು ಸುಮ್ಮನೆ ಕಾಯುತ್ತ ಕುಳಿತಿರುತ್ತದೆ. ರಾಯರು ಕಾಗದವನ್ನು ಮಗುಚಿ ಹಿಂಬದಿಯಲ್ಲಿ ಕೆಳಗಿನಿಂದ ಮೇಲಕ್ಕೆ ಬರೆಯಲಾರಂಭಿಸಿದರು.

ಮೊದಲು ಬರೆದದ್ದು ಮಾನಿಟರನ್ನು. 24 ಅಂಗುಲ, ಅಡ್ಡಕ್ಕೆ 1920 ಉದ್ದಕ್ಕೆ 1080 ಚುಕ್ಕೆಗಳು, ಓರೆಯಾಗಿ ನೋಡಿದರೂ ಬಣ್ಣಗೆಡದ ಐಪಿಎಸ್ ತೆರೆ. ಇಂಗ್ಲಿಷಿನ ಅಕ್ಷರಗಳು ಒಂದೇ ಸಾಲಿನಲ್ಲಿ ಶಿಸ್ತಾಗಿ ನಿಲ್ಲುತ್ತವೆ. ಕನ್ನಡದವಕ್ಕೆ ಹೆಗಲ ಮೇಲೆ ಗುಣಿತ, ಕಾಲಡಿಯಲ್ಲಿ ಒತ್ತು. ‘ರಾಷ್ಟ್ರ’ ಎಂಬ ಪದದಲ್ಲಿ ಟಕಾರವೂ ರಕಾರವೂ ಷಕಾರದ ಕೆಳಗೆ ಅಡಗಿ ಕೂರುತ್ತವೆ. ಸಣ್ಣ ತೆರೆಯಲ್ಲಿ ಪೊರೆಗಣ್ಣಿಗೆ ಅವೆಲ್ಲ ಒಂದೇ ಮಸಿಯ ಬೊಟ್ಟು. ಏರಿಳಿಸಬಲ್ಲ ಕಾಲುಳ್ಳ ಮಾನಿಟರಿಗೆ ಬೆಲೆ ಹೆಚ್ಚು. ಆ ಕೆಲಸಕ್ಕೆ ಅಟ್ಟದ ಮೇಲಿನ ಹಳೆಯ ಮಣೆಯೊಂದು ಸಾಕೆಂದು ತೀರ್ಮಾನವಾಯಿತು.

ಎರಡನೆಯದು ಎಸ್‌ಎಂಪಿಎಸ್. ರಾಯರು ಈ ಬಾರಿ ಅದರ ವಿಷಯವನ್ನು ಪರೀಕ್ಷೆಗೆ ಓದುವವರಂತೆ ಓದಿಕೊಂಡಿದ್ದರು. ಗ್ರಾಫಿಕ್ಸ್ ಕಾರ್ಡಿಲ್ಲದ ಮನೆಯ ಯಂತ್ರ ಸಾಮಾನ್ಯವಾಗಿ 100 ವಾಟನ್ನೂ ಬೇಡುವುದಿಲ್ಲ. ಆದುದರಿಂದ ದೊಡ್ಡ ಅಂಕಿಗೆ ಮರುಳಾಗಬೇಕಾಗಿಲ್ಲ, ಅಗ್ಗದ ಡಬ್ಬಿಯ ಮೇಲಿನ ಅಂಕಿಯನ್ನು ನಂಬಬೇಕಾಗಿಯೂ ಇಲ್ಲ. ‘80 ಪ್ಲಸ್’ ಎಂಬ ಮುದ್ರೆಯಿದ್ದರೆ 20, 50, 100 ಪ್ರತಿಶತ ಹೊರೆಯಲ್ಲಿಯೂ ಅದು ಪಡೆದ ವಿದ್ಯುತ್ತಿನ ಐದರಲ್ಲಿ ನಾಲ್ಕು ಪಾಲನ್ನಾದರೂ ಯಂತ್ರಕ್ಕೆ ತಲುಪಿಸುವುದೆಂದು ಅರ್ಥ. ಅದು ದಕ್ಷತೆಯ ಮುದ್ರೆಯೇ ಹೊರತು ರಕ್ಷಣೆಯದಲ್ಲ. ವೋಲ್ಟು ಮಿತಿಮೀರಿದರೆ ತಾನೇ ಆರಿಹೋಗುವ ಏರ್ಪಾಡು ಉಂಟೇ ಎಂಬುದನ್ನು ವಿವರಪಟ್ಟಿಯಲ್ಲಿ ಬೇರೆಯಾಗಿ ನೋಡಬೇಕು. ರಾಯರು ಅದರ ಕೆಳಗೆ ಎರಡು ಗೆರೆ ಎಳೆದರು.

ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಎಂಬುದರಲ್ಲಿ ತಾತನಿಗೂ ಮೊಮ್ಮಗನಿಗೂ ವಾದವಿರಲಿಲ್ಲ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯ ಮೇಲೆ ಕಡ್ಡಿಯೊಂದು ಅತ್ತಿತ್ತ ಅಲೆದು ಹುಡುಕುವ ಕಾಲ ಮುಗಿಯಿತು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ, ಯಂತ್ರ ಏಳುವುದಕ್ಕೆ ಕಾಫಿ ಸೋಸುವಷ್ಟು ಹೊತ್ತೂ ಬೇಡ. ಎನ್‌ವಿಎಂಇ ಎಂಬ ಬಗೆಯದು ಸಾಟಾ ಬಗೆಯದಕ್ಕಿಂತ ಅಂಕಿಗಳಲ್ಲಿ ಅನೇಕ ಪಟ್ಟು ವೇಗ. ಕಾಗದಪತ್ರ ತೆರೆಯುವವರಿಗೆ ಆ ಅಂತರ ಕಷ್ಟದಿಂದಲೂ ತಿಳಿಯದು. ಎರಡರಲ್ಲಿ ಅಂದು ಯಾವುದು ಅಗ್ಗವೋ ಅದು, 512 ಜಿಬಿ, ಎಂದು ಬರೆದದ್ದಾಯಿತು.

ಡಿಸೆಂಬರಿನ ಒಂದು ಶನಿವಾರ ಇಬ್ಬರೂ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಮುಂದಿನ ನಿಲ್ದಾಣವಾದ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿಯೇ ಇಳಿದು ಎಸ್.ಪಿ. ರಸ್ತೆಗೆ ನಡೆದರು. ಆ ಬೀದಿಯನ್ನು ಕಂಡವರು ಬಲ್ಲರು: ತಂತಿಗಳ ಸುರುಳಿ, ಪೆಟ್ಟಿಗೆಗಳ ಗೋಪುರ, ಸ್ಕೂಟರುಗಳ ನಡುವೆ ಮಾನಿಟರನ್ನು ತಲೆಯ ಮೇಲೆ ಹೊತ್ತು ಹೋಗುವ ಆಳು. ನಾಲ್ಕು ಭಾಷೆಗಳಲ್ಲಿ ಒಂದೇ ಸಮನೆ ಬೆಲೆ ಕೂಗುವುದು ಕೇಳುತ್ತದೆ. ‘ಬಿಲ್ಲು ಬೇಡವಾದರೆ ಕಡಿಮೆಗೆ’ ಎಂದ ಅಂಗಡಿಯ ಮೆಟ್ಟಿಲನ್ನು ರಾಯರು ಹತ್ತಿದಷ್ಟೇ ಬೇಗನೆ ಇಳಿದರು. 18 ಪ್ರತಿಶತ ತೆರಿಗೆ ಚಿಕ್ಕ ಮೊತ್ತವಲ್ಲ, ನಿಜ. ಆದರೆ ಬಿಲ್ಲಿಲ್ಲದವನು ಭಾಗವೊಂದು ಕೆಟ್ಟ ದಿನ ವಾರಂಟಿಯನ್ನು ಯಾವ ಮುಖದಿಂದ ಕೇಳಬೇಕು?

ಮೆಮೊರಿಯ ಬೆಲೆ ಕೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಕೃತಕ ಬುದ್ಧಿಮತ್ತೆಗಾಗಿ ದೇಶದೇಶಗಳಲ್ಲಿ ಏಳುತ್ತಿದ್ದ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನೆಲ್ಲ ಸೆಳೆದುಕೊಂಡು, ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ಚಿನ್ನದ ಬೆಲೆಯೊಡನೆ ಓಟಕ್ಕೆ ನಿಂತಿತ್ತು. ಬಸವನಗುಡಿಯಲ್ಲಿ ಹಳೆಯ ದಿನಚರಿಯನ್ನು ನಕಲು ಮಾಡುವವರೂ ಅದರ ಸುಂಕವನ್ನು ತೆರಬೇಕಾಯಿತು. 16 ಜಿಬಿ ಎಂದು ಬರೆದುದನ್ನು ಹೊಡೆದು 8 ಎಂದು ತಿದ್ದಿದರು. ಎಚ್610 ಬಗೆಯ ಮದರ್‌ಬೋರ್ಡಿನಲ್ಲಿ ಮೆಮೊರಿಗೆ ಎರಡು ಸ್ಥಾನಗಳಿರುತ್ತವೆ. ಒಂದೇ ಪಟ್ಟಿಯನ್ನು ಕೊಂಡು ಇನ್ನೊಂದು ಸ್ಥಾನವನ್ನು ಬೆಲೆ ಇಳಿಯುವ ಕಾಲಕ್ಕಾಗಿ ಖಾಲಿ ಬಿಟ್ಟರು.

ಇಷ್ಟರಲ್ಲಿ ಮೊಮ್ಮಗ ತನ್ನ ವಿದ್ಯೆಯ ಋಣವನ್ನು ತೀರಿಸಿದ. ಪ್ರಾಸೆಸರಿಗೆ ಅವರು ಗೊತ್ತುಮಾಡಿದ್ದುದು 2022ರಲ್ಲಿ ಬಂದ ಇಂಟೆಲ್ ಕೋರ್ ಐ3-12100. ಅಂಗಡಿಯವರು ಕಟ್ಟುತ್ತಿದ್ದ ಪೆಟ್ಟಿಗೆಯ ಮೇಲೆ ಆ ಅಂಕಿಯ ಮುಂದೆ ‘ಎಫ್’ ಎಂಬ ಒಂದು ಅಕ್ಷರವಿತ್ತು. “ಎರಡೂ ಒಂದೇ ಸಾರ್, ಇದು ಕಡಿಮೆ ಬೆಲೆ” ಎಂದರು ಅಂಗಡಿಯವರು. ಒಂದೇ ಅಲ್ಲ. ಎಫ್ ಇರುವ ಚಿಪ್ಪಿನೊಳಗೆ ತೆರೆಯ ಮೇಲೆ ಚಿತ್ರ ಮೂಡಿಸುವ ಭಾಗವಿರುವುದಿಲ್ಲ. ಗ್ರಾಫಿಕ್ಸ್ ಕಾರ್ಡನ್ನು ಬೇರೆಯಾಗಿ ಕೊಳ್ಳದವರು ಅದನ್ನು ಕೊಂಡೊಯ್ದರೆ ಫ್ಯಾನು ತಿರುಗುತ್ತದೆ, ಮಾನಿಟರು ಕಪ್ಪಾಗಿಯೇ ಇರುತ್ತದೆ. ಹುಡುಗ ಇದನ್ನು ವಿನಯದಿಂದಲೇ ಹೇಳಿ ಪೆಟ್ಟಿಗೆಯನ್ನು ಬದಲಾಯಿಸಿಕೊಂಡ. ತಾತನ ಕೈ ಅವನ ಭುಜದ ಮೇಲೆ ಒಂದು ಕ್ಷಣ ಇತ್ತು.

“ವಿಂಡೋಸ್ ಸುಮ್ಮನೆ ಹಾಕಿಕೊಡ್ತೇನೆ ಸಾರ್” ಎಂಬ ಉಪಕಾರವನ್ನೂ ರಾಯರು ನಿರಾಕರಿಸಿದರು. ಹಣ ಕೊಟ್ಟು ಕೊಳ್ಳಲು ಪಟ್ಟಿಯಲ್ಲಿ ಎಡೆಯಿಲ್ಲ. ಕೊಡದೆ ಪಡೆಯಲು ಮನಸ್ಸಿಲ್ಲ. ಧರ್ಮಾರ್ಥವಾಗಿಯೇ ದೊರೆಯುವ ಲಿನಕ್ಸನ್ನು ಮೊಮ್ಮಗ ರಾತ್ರಿ ಕುಳಿತು ಹಾಕಿದ. ಅಜ್ಜಿಗೆ ಬೆರಳಿಗೆ ಬಂದಿದ್ದ ಕ-ಗ-ಪ ಕೀಲಿ ವಿನ್ಯಾಸ ಅದರಲ್ಲಿಯೂ ಇತ್ತು. ಹಳೆಯ ಕೀಲಿಮಣೆ, ಹಳೆಯ ಮೌಸು ಬದುಕಿ ಉಳಿದಿದ್ದವು. ಕ್ಯಾಬಿನೆಟ್ಟು ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಸಾದಾ. ಹೀಗೆ ಉಳಿದುದರಲ್ಲಿ ಚಿಕ್ಕ ಯುಪಿಎಸ್ ಒಂದೂ, ಎರಡು ಪೆನ್‌ಡ್ರೈವುಗಳೂ ಬಂದವು. ಎಸ್‌ಎಸ್‌ಡಿಯೂ ಒಂದು ದಿನ ಮುನ್ಸೂಚನೆಯಿಲ್ಲದೆ ಸಾಯಬಲ್ಲದು. ಪ್ರತಿ ಶನಿವಾರ ಬರಹದ ಪ್ರತಿಯನ್ನು ಒಂದು ಪೆನ್‌ಡ್ರೈವಿಗೆ ತೆಗೆದು ಬೀರುವಿನಲ್ಲಿಡುವುದು, ಇನ್ನೊಂದನ್ನು ಮೈಸೂರಿಗೆ ಹೋಗುವವರ ಕೈಯಲ್ಲಿ ಕಳುಹಿಸುವುದು ಎಂದು ರಾಯರು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ಒಟ್ಟು ಕೂಡಿಸಿದಾಗ ಠೇವಣಿಯ ಹಣದಲ್ಲಿ 340 ರೂಪಾಯಿ ಮಿಕ್ಕಿತ್ತು.

ಭಾನುವಾರ ಸ್ನಾನ, ಪೂಜೆ ಮುಗಿಸಿ ಆಕೆ ಮೇಜಿನ ಮುಂದೆ ಕುಳಿತರು. ಮೂರನೆಯ ನೋಟುಬುಕ್ಕನ್ನು ಎಡಕ್ಕೆ ಒರಗಿಸಿ, ಎರಡನೆಯ ಬಾರಿಗೆ, ಮೊದಲ ಪುಟದ ಮೊದಲ ಸಾಲಿಗೆ ಬೆರಳಿಟ್ಟರು. ರಾಯರು ಬಿಲ್ಲನ್ನು ನಾಲ್ಕಾಗಿ ಮಡಿಸಿ ಹಿಡಿದುಕೊಂಡು ಹಿಂದೆಯೇ ನಿಂತಿದ್ದರು.

“ಅಕ್ಷರ ಕಾಣುತ್ತವೆಯೇ?”

“ಕಾಣುತ್ತವೆ” ಎಂದರು ಆಕೆ, ಮುಖ ತಿರುಗಿಸದೆ. “ಸ್ವಲ್ಪ ಆಚೆ ನಿಂತುಕೊಳ್ಳಿ. ಪುಸ್ತಕದ ಮೇಲೆ ನಿಮ್ಮ ನೆರಳು ಬೀಳುತ್ತಿದೆ.”