ಅಮ್ಮಿಗೆ ಬೇಕಿದ್ದ ಎರಡು ಗಂಟೆ

ನಮ್ಮ ದಾದಿಗೆ ಈಗ 76 ವರ್ಷ. ಹೋದ ವರ್ಷ ರಂಜಾನ್ ಹಬ್ಬ ಕಳೆದು ಹದಿನೈದು ದಿನಕ್ಕೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ತೊದಲತೊಡಗಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ನೆಂಟರೆಲ್ಲ ಹಣ್ಣು ಹಿಡಿದು ಬಂದರು, ದುಆ ಮಾಡಿದರು, ಊರಿಗೆ ಹೋದರು. ಆಮೇಲೆ ಮನೆಯಲ್ಲಿ ಉಳಿದವರು ದಾದಿ, ಅಮ್ಮಿ, ನಾನು ಮತ್ತು ಏಳನೇ ತರಗತಿಯ ತಮ್ಮ. ಅಬ್ಬ ಲಾರಿ ಓಡಿಸುತ್ತಾರೆ. ವಾರದಲ್ಲಿ ನಾಲ್ಕು ರಾತ್ರಿ ಅವರು ಮನೆಯಲ್ಲಿರುವುದಿಲ್ಲ.

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಎಂದರೆ ಏನೆಂದು ಆಗ ಕಂಡೆವು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಊಟ ಮಾಡಿಸುವಾಗ ಎತ್ತಿ ನೆಟ್ಟಗೆ ಕೂರಿಸಬೇಕು, ಮಲಗಿದಲ್ಲೇ ತಿನ್ನಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಬಟ್ಟೆ ಬದಲಿಸುವುದು, ಮಾತ್ರೆ, ಕೈಕಾಲಿನ ವ್ಯಾಯಾಮ, ಮತ್ತೆ ಮಗ್ಗುಲು. ರಾತ್ರಿಯೂ ಇದೇ. ಅಮ್ಮಿ ಬ್ಲೌಸ್ ಹೊಲಿದು ನಮ್ಮ ಫೀಸು ಕಟ್ಟುತ್ತಿದ್ದವರು. ಹೊಲಿಗೆ ಮಿಷನ್ ಮೇಲೆ ಹಾಕಿದ ಬಟ್ಟೆಯನ್ನು ಮೂರು ತಿಂಗಳು ತೆಗೆಯಲಿಲ್ಲ.

ಒಂದು ದಿನ ಆರೋಗ್ಯ ಕೇಂದ್ರದ ಸಿಸ್ಟರ್ ದಾದಿಯ ಬಿ.ಪಿ. ನೋಡಲು ಬಂದಿದ್ದರು. ಅಮ್ಮಿಯ ಮುಖ ನೋಡಿ, "ನೀವೂ ಕೈ ಕೊಡಿ" ಎಂದರು. 160/100 ಇತ್ತು. "ನೀವು ಮಲಗಿಬಿಟ್ಟರೆ ಇವರನ್ನು ಯಾರು ನೋಡ್ತಾರೆ?" ಎಂದು ಕೇಳಿ ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ದಿನ ಬಂದವರೆಲ್ಲ ದಾದಿ ಹೇಗಿದ್ದಾರೆ ಎಂದು ಕೇಳಿದ್ದರು. ಅಮ್ಮಿ ಹೇಗಿದ್ದಾರೆ ಎಂದು ಕೇಳಿದ್ದು ಆ ಸಿಸ್ಟರ್ ಒಬ್ಬರೇ.

ಸಹಾಯ ಎಲ್ಲಿ ಸಿಗುತ್ತದೆ ಎಂದು ನಾನು ಹುಡುಕಲು ಶುರುಮಾಡಿದೆ. ಮೊದಲು ದಾರಿ ತೋರಿಸಿದವರು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ಹಿರಿಯ ನಾಗರಿಕರಿಗಾಗಿ 14567 ಎಂಬ ಉಚಿತ ಸಹಾಯವಾಣಿ ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತನಾಡಬಹುದು ಎಂದು ಹೇಳಿದರು. ಹಿರಿಯರ ಆರೋಗ್ಯಕ್ಕಾಗಿಯೇ 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವಿದೆ, ಜಿಲ್ಲಾ ಆಸ್ಪತ್ರೆಯಲ್ಲಿ ಫಿಜಿಯೋಥೆರಪಿ ಕೇಳಿ ಎಂದೂ ಹೇಳಿದರು. ಬೇರೆ ಪಿಂಚಣಿ ಇಲ್ಲದ, ಆದಾಯ ಮಿತಿಯೊಳಗಿರುವ 65 ವರ್ಷ ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1200 ರೂಪಾಯಿ ಬರುತ್ತದೆ. ದಾದಿಯ ಅರ್ಜಿಯನ್ನು ನಾಡಕಚೇರಿಯಲ್ಲಿ ನಾನೇ ಕೊಟ್ಟು ಬಂದೆ.

ಎರಡನೆಯ ಸಹಾಯ ನಮ್ಮ ಮಸೀದಿಯಿಂದ ಬಂತು. ಕಮಿಟಿಯವರ ಕೋಣೆಯಲ್ಲಿ ಒಂದು ಗಾಲಿಕುರ್ಚಿ, ಎರಡು ವಾಕರ್, ಒಂದು ಗಾಳಿಹಾಸಿಗೆ ಇರುವುದು ಮೊಹಲ್ಲಾದ ಅನೇಕರಿಗೆ ಗೊತ್ತೇ ಇಲ್ಲ. ಬೇಕಾದವರು ಹೆಸರು ಬರೆಸಿ ಒಯ್ಯಬಹುದು, ಕೆಲಸ ಮುಗಿದ ಮೇಲೆ ತೊಳೆದು ತಂದಿಡಬೇಕು. ಬಾಡಿಗೆ ಇಲ್ಲ.

ಆದರೆ ಅಮ್ಮಿಗೆ ನಿಜವಾಗಿ ಬೇಕಾಗಿದ್ದದ್ದು ನಿದ್ದೆ. ಅದಕ್ಕೆ ಮನುಷ್ಯರೇ ಬರಬೇಕು. ಇಲ್ಲಿ ಅಮ್ಮಿಯೇ ಒಪ್ಪಲಿಲ್ಲ. "ಅತ್ತೆಯನ್ನು ನೋಡಿಕೊಳ್ಳಲಾರದೆ ಬೇರೆಯವರ ಕೈಗೆ ಕೊಟ್ಟಳು ಅಂತ ನಾಲ್ಕು ಜನ ಆಡಿಕೊಳ್ತಾರೆ" ಎಂದರು. ಈ ಮಾತಿಗೆ ಉತ್ತರ ಕೊಟ್ಟವರು ದಾದಿ. ಪಕ್ಕದ ಮನೆಯ ಖಾಲಾ ಬಂದಿದ್ದಾಗ ಎಡಗೈಯಿಂದ ಅವರ ಸೆರಗು ಹಿಡಿದು, ತೊದಲುತ್ತಾ, "ನೀನು ಕೂತ್ಕೋ. ಅವಳು ಮಲಗಲಿ" ಎಂದರು. ಅಮ್ಮಿ ಅಂದು ಮಧ್ಯಾಹ್ನ ಎರಡು ಗಂಟೆ ಮಲಗಿದರು.

ಅಲ್ಲಿಂದ ನಾವೊಂದು ಪಟ್ಟಿ ಮಾಡಿದೆವು. "ಏನಾದರೂ ಬೇಕಾದರೆ ಹೇಳಿ" ಎಂದು ಎಲ್ಲರೂ ಹೇಳುತ್ತಾರೆ. ಅವರು ಬಾಯಿಮಾತಿಗೆ ಹೇಳುವುದಲ್ಲ, ಏನು ಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ. "ಮಂಗಳವಾರ ಮೂರರಿಂದ ಐದರವರೆಗೆ ದಾದಿಯ ಹತ್ತಿರ ಕೂತಿರುತ್ತೀರಾ?" ಎಂದು ಕೇಳಿದಾಗ ಯಾರೂ ಇಲ್ಲವೆನ್ನಲಿಲ್ಲ. ಖಾಲಾ ಮಂಗಳವಾರ, ಎದುರು ಮನೆಯ ನಿವೃತ್ತ ಟೀಚರಮ್ಮ ಗುರುವಾರ, ಅಬ್ಬನ ಫೂಫಿ ಶನಿವಾರ. ಒಬ್ಬರು ತಪ್ಪಿದರೂ ಇನ್ನಿಬ್ಬರು ಇರುತ್ತಾರೆ. ಸ್ನಾನ, ಬಟ್ಟೆ ಬದಲಿಸುವ ಕೆಲಸ ಅಮ್ಮಿಯದೇ. ದಾದಿಗೆ ಬೇರೆಯವರ ಮುಂದೆ ಸಂಕೋಚ, ಅದನ್ನು ಎಲ್ಲರೂ ಗೌರವಿಸಿದರು. ಔಷಧಿ ಅಂಗಡಿ ನನ್ನ ತಮ್ಮನ ಪಾಲಿಗೆ ಬಂತು.

ಟೀಚರಮ್ಮನಿಂದ ನಾವು ನಿರೀಕ್ಷಿಸದ ಲಾಭವೂ ಆಯಿತು. ಫಿಜಿಯೋಥೆರಪಿಯವರು ಕೊಟ್ಟ ರಬ್ಬರ್ ಚೆಂಡು ಹಿಚುಕಲು ದಾದಿಗೆ ಬೇಸರ. ಟೀಚರಮ್ಮ ಅವರೆಕಾಯಿ ತಂದು ಬಲಗೈಯಲ್ಲಿ ಸುಲಿಯಲು ಕೊಟ್ಟರು. ಮೊದಲ ದಿನ ಐದು ಕಾಯಿ. ಸಂಕ್ರಾಂತಿಯ ಹೊತ್ತಿಗೆ ಒಂದು ಬಟ್ಟಲು ಕಾಳಾಯಿತು. ಈಗ ದಾದಿ ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಾರೆ. ಅಮ್ಮಿ ಬಿ.ಪಿ. ಮಾತ್ರೆ ತಪ್ಪಿಸುವುದಿಲ್ಲ, ವಾರಕ್ಕೆ ನಾಲ್ಕೈದು ಬ್ಲೌಸ್ ಹೊಲಿಯುತ್ತಾರೆ.

ಇದನ್ನು ಪಕ್ಕದ ಕೇರಳದಲ್ಲಿ ಊರಿಗೆ ಊರೇ ಮಾಡುತ್ತದೆ. 1993ರಲ್ಲಿ ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಸಣ್ಣದಾಗಿ ಶುರುವಾದ ಉಪಶಾಮಕ ಆರೈಕೆ, ಮುಂದೆ ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. ವಾರಕ್ಕೆ ಕೆಲವು ಗಂಟೆ ಕೊಡಬಲ್ಲ ಸಾಮಾನ್ಯ ಜನರೇ, ವಿದ್ಯಾರ್ಥಿಗಳೂ ಸೇರಿ, ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. 2008ರಲ್ಲಿ ಅಲ್ಲಿನ ಸರಕಾರ ಇದಕ್ಕೊಂದು ನೀತಿಯನ್ನೇ ರೂಪಿಸಿತು.

ಗೆಳತಿಯರೇ, ಗೆಳೆಯರೇ, ನಮ್ಮ ಕಾಲೇಜಿನ ಎನ್ನೆಸ್ಸೆಸ್ ಘಟಕ ಇದನ್ನು ಕೈಗೆತ್ತಿಕೊಳ್ಳಬಹುದೆಂದು ನನ್ನ ಆಸೆ. ನರ್ಸ್ ಮಾಡುವ ಕೆಲಸ ನಮ್ಮಿಂದಾಗದು, ಅದನ್ನು ಮಾಡಲೂ ಬಾರದು. ಆದರೆ ಪತ್ರಿಕೆ ಓದಿ ಹೇಳುವುದು, ಮಾತ್ರೆ ತರುವುದು, ಪಿಂಚಣಿ ಅರ್ಜಿ ತುಂಬುವುದು, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು ನಮಗೆ ಬರುತ್ತದೆ. ನಿಮ್ಮ ಬೀದಿಯಲ್ಲಿ ಅಂಥದೊಂದು ಮನೆ ಖಂಡಿತ ಇರುತ್ತದೆ. ಅಲ್ಲಿಗೆ ಹೋದಾಗ ಹಿರಿಯರನ್ನು ವಿಚಾರಿಸಿ, ಅವರನ್ನು ನೋಡಿಕೊಳ್ಳುವವರನ್ನೂ ವಿಚಾರಿಸಿ. "ಏನಾದರೂ ಬೇಕಾದರೆ ಹೇಳಿ" ಎನ್ನಬೇಡಿ. "ನಾನು ಯಾವ ದಿನ, ಎಷ್ಟು ಗಂಟೆಗೆ ಬರಲಿ?" ಎಂದು ಕೇಳಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ