ಫಾರ್ಮ್ಯಾಟ್ ಬ್ಯಾಡ್ರಿ

ಕಂಪ್ಯೂಟರ್ ಆನ್ ಮಾಡಿದಾಗ ಕರಿ ಪರದೆಯೇ ನಿಂತುಬಿಟ್ಟರೆ ನಮ್ಮ ಕಡೆ ಮೊದಲು ಸಿಗುವ ಸಲಹೆ ಒಂದೇ: ‘ಫಾರ್ಮ್ಯಾಟ್ ಹೊಡೀರಿ.’ ಹೇಳುವವರಿಗೆ ಅದು ತಾಸೊಪ್ಪತ್ತಿನ ಕೆಲಸ. ಮನೆಯವರಿಗೆ ಮದುವೆಯ ಫೋಟೊ, ಮಕ್ಕಳ ಅಂಕಪಟ್ಟಿ, ಪಹಣಿಯ ಪ್ರತಿ ಎಲ್ಲವೂ ಹೋದಂತೆ. ಕಾಲುವೆಯ ತೂಬು ಕೆಟ್ಟಿತೆಂದು ಸಿಂಧನೂರು ಸೀಮೆಯಲ್ಲಿ ಯಾರೂ ಗದ್ದೆಯ ನೆಲ್ಲು ಕಿತ್ತೊಗೆಯುವುದಿಲ್ಲ. ಈ ಸಲಹೆ ಮಾಡುವುದು ಅದನ್ನೇ.

ಸಾಲಗುಂದದ ದೊಡ್ಡಪ್ಪ ನಿವೃತ್ತ ಮೇಷ್ಟ್ರು. ಊರ ಹಿರಿಯರ ಬಾಯಿಂದ ಕೇಳಿದ ಹಂತಿ ಪದ, ಸೋಬಾನೆ ಪದಗಳನ್ನು ವರ್ಷಗಟ್ಟಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಹಾಡಿದವರಲ್ಲಿ ಹಲವರು ಈಗಿಲ್ಲ. ಹಳೆಯ ನುಡಿ ಕಡತಗಳ ಪಾಡು ಗೊತ್ತಿರುವವರಿಗೆ ಗೊತ್ತು: ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಆದ್ದರಿಂದ ಅವರಿಗೆ ವಿಂಡೋಸ್ ಬೇಕೇ ಬೇಕು. ಆದರೆ ಆ ಹಳೆಯ ಯಂತ್ರಕ್ಕೆ ವಿಂಡೋಸ್ 11 ಹತ್ತುವುದಿಲ್ಲ, ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟರ್ನೆಟ್ಟಿನ ಕೆಲಸಕ್ಕೂ ಮಗಳ ಓದಿಗೂ ಪಕ್ಕದಲ್ಲೇ ಉಬುಂಟು ಎಂಬ ಲಿನಕ್ಸ್ ಹಾಕಿದ್ದು ಅದಕ್ಕೇ. ಒಂದೇ ಡಿಸ್ಕು, ಎರಡು ಸಂಸಾರ. ಆನ್ ಮಾಡಿದಾಗ ಯಾವುದು ಬೇಕೆಂದು ಕೇಳುವ ಪಟ್ಟಿಗೆ ಗ್ರಬ್ ಎಂದು ಹೆಸರು.

ಉಬುಂಟು ಅಪ್‌ಡೇಟ್ ಆಗುತ್ತಿದ್ದಾಗ ಕರೆಂಟ್ ಹೋಯಿತು. ಮತ್ತೆ ಬಂದಾಗ ಪಟ್ಟಿಯಿಲ್ಲ. ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದ, ಮುಂದೆ ಮಿಣುಕುವ ಗೆರೆ.

“ಪದ ಎಲ್ಲಾ ಹೋದವೇನಪಾ?” ಎಂದರು ದೊಡ್ಡಪ್ಪ.

ಹಳೆಯ ಬಗೆಯ ಯಂತ್ರದಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳೇ ಬಾಗಿಲು. ಅದರಲ್ಲಿ 446 ಬೈಟ್ ಬೂಟ್ ಮಾಡಿಸುವ ಸೂಚನೆಗಳಿಗೆ, 64 ಬೈಟ್ ಡಿಸ್ಕಿನ ಪಾಲುಪಟ್ಟಿಗೆ, ಕೊನೆಯ 2 ಬೈಟ್ ಗುರುತಿಗೆ. ಅಷ್ಟು ಇಕ್ಕಟ್ಟಿನಲ್ಲಿ ಗ್ರಬ್ ಪೂರ್ತಿ ಹಿಡಿಯುವುದಿಲ್ಲ. ತಿರುಳಿನ ಭಾಗವೊಂದು ಅದರ ಬೆನ್ನಿಗೇ ಇರುತ್ತದೆ, ಉಳಿದದ್ದು ಲಿನಕ್ಸಿನ ಪಾಲಿನಲ್ಲಿ. ಅಪ್‌ಡೇಟ್ ಅರ್ಧಕ್ಕೆ ನಿಂತಾಗ ಒಂದು ಭಾಗ ಹೊಸದಾಗಿ, ಇನ್ನೊಂದು ಹಳೆಯದಾಗಿಯೇ ಉಳಿದು ಹೊಂದಾಣಿಕೆ ತಪ್ಪಬಹುದು. ಪದಗಳು ಇರುವ ಜಾಗಕ್ಕೂ ಈ ಜಗಳಕ್ಕೂ ಸಂಬಂಧವಿಲ್ಲ.

ಆ ಕರಿ ಪರದೆಯಲ್ಲೂ ‘ಎಲ್‌ಎಸ್’ ಎಂದು ಟೈಪಿಸಿದರೆ ಡಿಸ್ಕಿನ ಪಾಲುಗಳು ಸಾಲಾಗಿ ಬರುತ್ತವೆ. ಲಿನಕ್ಸ್ ಪಾಲಿನ ಒಳಗೆ ಇಣುಕಿದಾಗ ಫೋಲ್ಡರುಗಳ ಹೆಸರೂ ಕಂಡವು. ವಿಂಡೋಸ್ ಪಾಲನ್ನು ಕೇಳಿದಾಗ ಮಾತ್ರ ‘ಗೊತ್ತಿಲ್ಲದ ಫೈಲ್ ಸಿಸ್ಟಮ್’ ಎಂಬ ಉತ್ತರ. ಜನ ಕೈಚೆಲ್ಲುವುದು ಇಲ್ಲೇ. ಗ್ರಬ್‌ನ ಆ ಪುಟ್ಟ ತಿರುಳಿಗೆ ವಿಂಡೋಸಿನ ಎನ್‌ಟಿಎಫ್‌ಎಸ್ ಓದಲು ಬರುತ್ತಿರಲಿಲ್ಲ, ಅಷ್ಟೇ. ಪೆನ್‌ಡ್ರೈವಿನಿಂದ ಉಬುಂಟು ಎಬ್ಬಿಸಿದೆವು. ಅದೇ ಪಾಲು ತೆರೆಯಿತು, ಪದಗಳ ಫೋಲ್ಡರ್ ಸಿಕ್ಕಿತು.

“ಎಲ್ಲಾ ಅಲ್ಲೇ ಅದಾವ ದೊಡ್ಡಪ್ಪ,” ಎಂದೆ. ಅವರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.

ರಿಪೇರಿಗಿಂತ ಮೊದಲು ಆ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ಕಾಪಿ ಮಾಡಿದೆವು. ಈ ಕ್ರಮ ತಪ್ಪಬಾರದು. ಆಮೇಲೆ ಲಿನಕ್ಸ್ ಪಾಲನ್ನು ಮೌಂಟ್ ಮಾಡಿ, ಚ್‌ರೂಟ್ ಎಂಬ ಆಜ್ಞೆಯಿಂದ ಅದರೊಳಗೆ ಹೊಕ್ಕು, ಅರ್ಧಕ್ಕೆ ನಿಂತ ಅಪ್‌ಡೇಟ್ ಮುಗಿಸಿ, ಗ್ರಬ್ ಅನ್ನು ಹೊಸದಾಗಿ ಕೂರಿಸಿದ್ದಾಯಿತು. ಕೂರಿಸಬೇಕಾದ್ದು ಇಡೀ ಡಿಸ್ಕಿನ ತಲೆಗೆ, ಪಾಲಿನ ಸಂಖ್ಯೆಗಲ್ಲ. ಪಟ್ಟಿ ಬಂತು, ಅದರಲ್ಲಿ ವಿಂಡೋಸ್ ಇರಲಿಲ್ಲ! 2021ರ ಗ್ರಬ್ 2.06ರಿಂದ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ‘ಓಎಸ್-ಪ್ರೋಬರ್’ ತಾನಾಗಿ ಓಡುವುದಿಲ್ಲ. ಸೆಟ್ಟಿಂಗ್ ಕಡತದಲ್ಲಿ ಅದನ್ನು ಚಾಲೂ ಮಾಡಿ ಪಟ್ಟಿಯನ್ನು ಮತ್ತೆ ಮಾಡಿಸಿದಾಗ ವಿಂಡೋಸೂ ಬಂದು ಕೂತಿತು.

ಇಂಥದ್ದು ಬರೀ ಹಳ್ಳಿಯ ಕರೆಂಟಿನ ದೋಷವೆಂದು ತಿಳಿಯಬೇಕಿಲ್ಲ. 2024ರ ಆಗಸ್ಟಿನ ವಿಂಡೋಸ್ ಅಪ್‌ಡೇಟ್ ಬಂದಾಗ ಸೆಕ್ಯೂರ್ ಬೂಟ್ ಎಂಬ ಕಾವಲು ಚಾಲೂ ಇದ್ದ, ಎರಡೂ ಸಿಸ್ಟಮ್ ಹಾಕಿದ್ದ ಎಷ್ಟೋ ಕಂಪ್ಯೂಟರುಗಳಲ್ಲಿ ಲಿನಕ್ಸ್ ಏಳಲಿಲ್ಲ. ಹಳೆಯ ಬೂಟ್ ಕಡತಗಳನ್ನು ನಂಬಬೇಡವೆಂಬ ಪಟ್ಟಿಯೊಂದು ಒಳಗೆ ಬಂದಿತ್ತು. ಅಲ್ಲಿಯೂ ಕಡತಗಳಿಗೆ ಏನೂ ಆಗಿರಲಿಲ್ಲ, ಫಾರ್ಮ್ಯಾಟ್ ಮಾಡಿದವರ ಕಡತಗಳನ್ನು ಬಿಟ್ಟು.

ದೊಡ್ಡಪ್ಪನ ಯಂತ್ರದಲ್ಲಿ ಉಳಿದದ್ದು ಗಡಿಯಾರ. ಉಬುಂಟುವಿನಿಂದ ವಿಂಡೋಸಿಗೆ ಬಂದರೆ ಹೊತ್ತು ಐದೂವರೆ ತಾಸು ಹಿಂದೆ ಬಿದ್ದಿರುತ್ತಿತ್ತು. ಯಂತ್ರದ ಗಡಿಯಾರವನ್ನು ಲಿನಕ್ಸ್ ಯುಟಿಸಿ, ಅಂದರೆ ಜಾಗತಿಕ ಸಮಯ, ಎಂದು ಓದುತ್ತದೆ, ವಿಂಡೋಸ್ ಊರಿನ ಸಮಯವೆಂದು. ಉಬುಂಟುವಿನಲ್ಲಿ ಒಂದು ಆಜ್ಞೆ ಕೊಟ್ಟ ಮೇಲೆ ಎರಡೂ ಒಂದೇ ಹೊತ್ತು ತೋರಿಸತೊಡಗಿದವು.

ಈಗ ದೊಡ್ಡಪ್ಪ ಪದಗಳನ್ನು ಒಂದೊಂದಾಗಿ ಯೂನಿಕೋಡಿಗೆ ತರುತ್ತಿದ್ದಾರೆ. ಪರಿವರ್ತಕ ಅಲ್ಲಲ್ಲಿ ಒತ್ತಕ್ಷರ ಕೆಡಿಸುತ್ತದೆ. ಒಂದು ಸಾಲಿನ ಮೇಲೆ ಅನುಮಾನ ಬಂದರೆ ಹಾಡಿ ನೋಡುತ್ತಾರೆ, ಮಗಳು ತಿದ್ದುತ್ತಾಳೆ.